ಗೇಟಿನ ಯಜಮಾನರು

ಪ್ರತಿ ರೈಲ್ವೆ ಗೇಟಿಗೂ ಇಲಾಖೆಯವರು ಒಬ್ಬ ಗೇಟ್‌ಮನ್ ಕೊಟ್ಟಿರುತ್ತಾರೆ. ಊರಿನವರು ಇನ್ನೊಬ್ಬರನ್ನು ಕೊಟ್ಟಿರುತ್ತಾರೆ. ಮೊದಲನೆಯವರಿಗೆ ಸಂಬಳವಿದೆ, ಪಾಳಿಯಿದೆ, ರಜೆಯಿದೆ. ಎರಡನೆಯವರಿಗೆ ಇವು ಯಾವುವೂ ಇಲ್ಲವಾದ್ದರಿಂದ ಅವರು ಸದಾ ಡ್ಯೂಟಿಯಲ್ಲೇ ಇರುತ್ತಾರೆ. ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಹಾದು ಹುಬ್ಬಳ್ಳಿಗೆ ಹೋಗುವ ಲೈನಿನ ಮೇಲೆ ಯಾವ ಊರಲ್ಲಾದರೂ ಗೇಟ್ ಬಿದ್ದಾಗ ನಿಂತು ನೋಡಿ, ಸಿಕ್ಕೇ ಸಿಗುತ್ತಾರೆ. ಅದಿರಿನ ಗೂಡ್ಸು ಓಡಾಡುವ ಹೊಸಪೇಟೆ, ತೋರಣಗಲ್ಲಿನ ಕಡೆಯಂತೂ ಗೇಟಿಗೆ ಇಬ್ಬಿಬ್ಬರು. ಹೆಸರು ಬೇರೆ ಬೇರೆ, ಹುದ್ದೆ ಒಂದೇ: ಗೇಟಿನ ಯಜಮಾನರು.

ವಯಸ್ಸು ಅರವತ್ತರ ಆಚೆ. ಯಾವುದೋ ಇಲಾಖೆಯಲ್ಲಿದ್ದು ರಿಟೈರಾದವರು. ಯಾವ ಇಲಾಖೆಯೋ ಇರಲಿ, ರೈಲ್ವೆಯಂತೂ ಅಲ್ಲ. ಟಿವಿಎಸ್ ಎಕ್ಸೆಲ್, ಅದರ ಮುಂದುಗಡೆ ಬಟ್ಟೆ ಚೀಲ, ಚೀಲದ ಬಾಯಲ್ಲಿ ಇಣುಕುವ ಸಬ್ಬಸಿಗೆ ಸೊಪ್ಪು. ಸೊಪ್ಪು ತರಲು ಹೋದವರು ಎರಡು ಗೇಟು ಮುಗಿಸಿಕೊಂಡು ಬರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ ಆ ಮನೆಯಲ್ಲಿ ಬೆಳಗಿನ ಸೊಪ್ಪು ರಾತ್ರಿಯ ಸಾರಿಗೆ.

ಗೇಟಿನ ಸೈರನ್ ಕೂಗಿದಾಗ ಉಳಿದವರೆಲ್ಲ ಗಾಡಿಯ ವೇಗ ಹೆಚ್ಚಿಸುತ್ತಾರೆ. ಯಜಮಾನರು ಕಡಿಮೆ ಮಾಡುತ್ತಾರೆ. ನುಗ್ಗಿದ್ದರೆ ದಾಟಬಹುದಾಗಿತ್ತು ಅನ್ನುವಷ್ಟು ಜಾಗ ಬಿಟ್ಟು ನಿಂತು, ಸ್ಟ್ಯಾಂಡು ಹಾಕಿ, ಕೀಲಿ ತೆಗೆದು ಜೇಬಿಗಿಟ್ಟುಕೊಂಡು, ಪಂಚೆಯ ತುದಿಯಿಂದ ಕನ್ನಡಕ ಒರೆಸಿ ಸಿಗ್ನಲ್ ಕಡೆ ನೋಡುತ್ತಾರೆ. ಆಮೇಲೆ ಹಿಂದೆ ನಿಂತವರೆಲ್ಲರಿಗೂ ಕೇಳುವ ಹಾಗೆ ತೀರ್ಪು: "ಗೂಡ್ಸು. ಎಂಜಿನ್ ಆಫ್ ಮಾಡ್ಕೊಳ್ಳಿ."

"ಅದ್ಹೆಂಗೆ ಹೇಳ್ತೀರಿ ಯಜಮಾನ್ರೇ?"

"ಇಂಟರ್‌ಸಿಟಿ ಹೋಗಾಯ್ತು. ಜನಶತಾಬ್ದಿಗೆ ಇನ್ನೂ ಟೈಮಿದೆ. ವಂದೇ ಭಾರತ್ ಆಗಿದ್ರೆ ಗೇಟ್‌ಮನ್ ಮುಖಾನೇ ಬೇರೆ ಇರ್ತಿತ್ತು. ಗೂಡ್ಸು ಬಿಟ್ರೆ ಇನ್ಯಾವುದು ಬರುತ್ತೆ?"

ಒಮ್ಮೊಮ್ಮೆ ಈ ಮಾತು ಮುಗಿಯುವ ಮೊದಲೇ ಕಿಟಕಿ ಕಿಟಕಿಯಲ್ಲೂ ಜನ ತುಂಬಿಕೊಂಡ ಎಕ್ಸ್‌ಪ್ರೆಸ್ಸೊಂದು ಕಣ್ಣೆದುರೇ ಹಾದುಹೋಗುತ್ತದೆ. ಯಜಮಾನರು ವಿಚಲಿತರಾಗುವುದಿಲ್ಲ. "ಇಷ್ಟು ಲೇಟಾಗಿ ಬಂದ್ಮೇಲೆ ಅದೂ ಗೂಡ್ಸಿನ ಲೆಕ್ಕಾನೇ."

ಆದರೆ ಅವರನ್ನು ಬರೀ ಬಾಯಿಬಡುಕರು ಅಂದುಕೊಂಡರೆ ತಪ್ಪಾದೀತು. ಗೇಟಿನ ವಿದ್ಯೆ ಅವರಿಗೆ ನಿಜವಾಗಿಯೂ ಗೊತ್ತು. ಮೊನ್ನೆ ಒಬ್ಬ ಹುಡುಗ ಬೈಕಿನ ಹಾರನ್ ಮೇಲಿಂದ ಕೈ ತೆಗೆಯದೆ ಗೇಟ್‌ಮನ್‌ಗೆ ಕೂಗುತ್ತಿದ್ದ: "ಅಣ್ಣಾ, ಒಂದ್ಸಲ ಎತ್ತಿಬಿಡ್ರೀ, ರೈಲಿನ ಸುಳಿವೇ ಇಲ್ಲ." ಗೇಟ್‌ಮನ್ ತನಗೆ ಕೇಳಿಸಲೇ ಇಲ್ಲ ಅನ್ನುವಂತೆ ಹಸಿರು ಬಾವುಟ ಸುತ್ತಿಕೊಂಡು ನಿಂತಿದ್ದ. ಉತ್ತರ ಬಂದದ್ದು ಯಜಮಾನರಿಂದ. "ಎತ್ತೋದು ಅವನ ಕೈಲೆಲ್ಲಿದೆ ತಮ್ಮಾ? ಸ್ಟೇಷನ್ ಮಾಸ್ಟರು ಫೋನ್ ಮಾಡಿ ನಂಬರ್ ಕೊಟ್ಟ. ಇವನೊಂದು ನಂಬರ್ ಕೊಟ್ಟ. ಎರಡೂ ಪುಸ್ತಕದಲ್ಲಿ ಬರೆದಾಯ್ತು. ಗೇಟು ಹಾಕಿ ಬೀಗ ಬಿದ್ದ ಮೇಲೇನೇ ರೈಲಿಗೆ ಸಿಗ್ನಲ್ ಸಿಗೋದು. ಸಿಗ್ನಲ್ ಕೊಟ್ಟ ಮೇಲೆ ಗೇಟು ಏಳಲ್ಲ, ಗೇಟು ಎದ್ದಿದ್ರೆ ಸಿಗ್ನಲ್ ಬೀಳಲ್ಲ. ನಾವು ನಿಂತ್ರೆ ಅದು ಬರುತ್ತೆ. ನಾವು ನಿಲ್ಲದಿದ್ರೆ ಅದು ನಿಲ್ಲುತ್ತೆ. ಯಾರಾದ್ರೂ ಒಬ್ರು ನಿಲ್ಲಲೇಬೇಕು."

"ಹಂಗಾದ್ರೆ ಅದೇ ನಿಲ್ಲಲಿ ಬಿಡ್ರೀ," ಅಂದ ಹುಡುಗ.

ಈ ಮಾತಿಗೆ ಯಜಮಾನರ ಬಳಿ ಉತ್ತರವಿರಲಿಲ್ಲ. ಯೋಚಿಸಿ ನೋಡಿದರೆ ನನ್ನ ಬಳಿಯೂ ಇಲ್ಲ. ಸುಮಾರು 650 ಮೀಟರ್ ಉದ್ದದ ಗೂಡ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದರೂ ಗೇಟನ್ನು ದಾಟಲು ಒಂದೇ ನಿಮಿಷ. ಊರು ಕಾಯುವುದು ರೈಲಿಗಲ್ಲ, ರೈಲು ಬರುವುದಿದೆ ಎಂಬ ಸುದ್ದಿಗೆ.

ಅಷ್ಟರಲ್ಲಿ ಹುಡುಗ ಬೈಕನ್ನು ಒಂದು ಪಕ್ಕಕ್ಕೆ ಮಲಗಿಸಿಕೊಂಡು ಗೇಟಿನ ಕಂಬದ ಅಡಿ ತೂರತೊಡಗಿದ. ಯಜಮಾನರು ಕಾನೂನು ತೆಗೆದರು: "ತಡಿಯೋ! 1989ರ ರೈಲ್ವೆ ಕಾಯ್ದೆ, 160ನೇ ಸೆಕ್ಷನ್. ಹಾಕಿದ ಗೇಟು ತೆಗೆದ್ರೆ ಮೂರು ವರ್ಷ, ಮುರಿದ್ರೆ ಐದು ವರ್ಷ!"

"ನಾನು ತೆಗೀಲೂ ಇಲ್ಲ, ಮುರೀಲೂ ಇಲ್ಲ ಅಜ್ಜಾ. ಬಗ್ಗಿದೆ ಅಷ್ಟೆ."

"ಬಗ್ಗೋದಕ್ಕೆ 147 ಇದೆ, ಆರು ತಿಂಗಳು!" ಅನ್ನುವಷ್ಟರಲ್ಲಿ ಹುಡುಗ ಆ ಕಡೆ ಸೇರಿ, ಅಲ್ಲಿನ ಟ್ರ್ಯಾಕ್ಟರುಗಳ ಸಂದಿಯಲ್ಲಿ ಮಾಯ.

ಗೂಡ್ಸು ಬಂದಾಗ ಯಜಮಾನರ ಮಾತು ನಿಲ್ಲುತ್ತದೆ, ಕೈ ಶುರುವಾಗುತ್ತದೆ. ಬಲಗೈ ಹೆಬ್ಬೆರಳು ನಾಲ್ಕು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಹತ್ತಿಳಿಯುತ್ತದೆ, ಸುತ್ತಿಗೆ ಹನ್ನೆರಡು. ಒಂದು ಸುತ್ತು ಮುಗಿದರೆ ಎಡಗೈಯ ಒಂದು ಬೆರಳು ಮಡಚಿಕೊಳ್ಳುತ್ತದೆ. ಸೌತೆಕಾಯಿಯವಳು ಬುಟ್ಟಿ ಹೊತ್ತು "ಉಪ್ಪುಖಾರ ಹಾಕ್ಲಾ ಯಜಮಾನ್ರೇ?" ಅಂದರೆ ತಲೆಯನ್ನೂ ಅಲ್ಲಾಡಿಸುವುದಿಲ್ಲ, ಅಲ್ಲಾಡಿಸಿದರೆ ಒಂದು ವ್ಯಾಗನ್ ತಪ್ಪಿಹೋಗುತ್ತದೆ. ಎಡಗೈಯಲ್ಲಿ ನಾಲ್ಕು ಬೆರಳು, ಬಲಗೈಯಲ್ಲಿ ಹತ್ತನೇ ಗೆಣ್ಣು. "ಐವತ್ತೆಂಟು, ಮೇಲೊಂದು ಬ್ರೇಕ್‌ವ್ಯಾನು." ಶಾಲೆ ವ್ಯಾನಿನ ಕಿಟಕಿಯಿಂದ ಯಾವುದೋ ಮಗು "ಐವತ್ತೇಳು!" ಅಂತ ಕೂಗುತ್ತದೆ. ಅಲ್ಲಿಂದಾಚೆ ಶುರುವಾಗುವ ವಾದ ಗೇಟು ಎದ್ದರೂ ಮುಗಿಯುವುದಿಲ್ಲ. ಬ್ರೇಕ್‌ವ್ಯಾನಿನಲ್ಲಿ ಬಾವುಟ ತೋರಿಸುತ್ತ ಹೋಗುವವರನ್ನು ಯಾರಾದರೂ ಗಾರ್ಡ್ ಅಂದರೂ ಯಜಮಾನರು ಬಿಡುವುದಿಲ್ಲ. 2022ರಿಂದ ಅವರು ಟ್ರೈನ್ ಮ್ಯಾನೇಜರ್. ಹೆಸರು ಬದಲಾದದ್ದು ಆ ಗಾರ್ಡಿಗಿಂತ ಇವರಿಗೇ ಹೆಚ್ಚು ಹೆಮ್ಮೆ.

ಅದೇ ವರ್ಷದ ಆಗಸ್ಟ್ 15ರಂದು ಛತ್ತೀಸಗಢದಲ್ಲಿ ಐದು ಗೂಡ್ಸುಗಳನ್ನು ಒಂದಕ್ಕೊಂದು ಸೇರಿಸಿ 'ಸೂಪರ್ ವಾಸುಕಿ' ಅಂತ ಓಡಿಸಿದರು: 295 ವ್ಯಾಗನ್, ಮೂರೂವರೆ ಕಿಲೋಮೀಟರ್ ಉದ್ದ. ಪೇಪರಿನ ಆ ತುಂಡು ಇವರ ಜೇಬಿನಲ್ಲಿ ಬಹಳ ದಿನ ಇತ್ತು. "ಅದೊಂದು ನಮ್ಮ ಗೇಟಿಗೆ ಬರಬೇಕಿತ್ತು," ಅನ್ನುತ್ತಿದ್ದರು. ದೂರುತ್ತಿದ್ದರೋ ಹಾರೈಸುತ್ತಿದ್ದರೋ ಹೇಳುವುದು ಕಷ್ಟ.

ಇನ್ನು ಯಜಮಾನರ ಬದುಕಿನ ಅತ್ಯಂತ ಸುಖದ ಗಳಿಗೆ. ರೈಲು ಹೋಯಿತು. ಎಲ್ಲರೂ ಕಿಕ್ ಹೊಡೆದರು, ಗೇರ್ ಹಾಕಿದರು, ಹೊಗೆ ಎದ್ದಿತು. ಗೇಟು ಮಾತ್ರ ಏಳಲಿಲ್ಲ. ಇಡೀ ರಸ್ತೆ ಯಜಮಾನರ ಮುಖ ನೋಡಿತು. ಅವರು ಕೀಲಿಯನ್ನು ಜೇಬಿನಿಂದ ತೆಗೆದೇ ಇರಲಿಲ್ಲ. "ಇನ್ನೊಂದಿದೆ," ಅಂದರು. ಡಬ್ಲಿಂಗ್ ಆಗುವ ಮೊದಲು ಒಂದು ರೈಲಿಗೆ ದಾರಿ ಬಿಡಲು ಇನ್ನೊಂದು ಸ್ಟೇಷನ್ನಿನಲ್ಲಿ ಕಾಯುತ್ತಿತ್ತು. ಈಗ ರೈಲುಗಳು ಕಾಯುವುದಿಲ್ಲ, ಆ ಕೆಲಸ ನಮ್ಮದಾಗಿದೆ.

ಕೊನೆಗೆ ಗೇಟು ಎದ್ದಾಗ ಅದು ಕುರುಕ್ಷೇತ್ರ. ಈ ಕಡೆಯವರು ರಸ್ತೆಯ ಬಲಬದಿಯನ್ನೂ ತುಂಬಿಕೊಂಡು ನಿಂತಿರುತ್ತಾರೆ, ಆ ಕಡೆಯವರೂ ಹಾಗೇ. ಎರಡು ಸೈನ್ಯ ಹಳಿಯ ಮೇಲೆ ಮುಖಾಮುಖಿ. ಯಜಮಾನರು ಎಕ್ಸೆಲ್ ಬಿಟ್ಟು ನಡುವೆ ನಿಂತು "ಮೊದಲು ಟ್ರ್ಯಾಕ್ಟರ್ ಬರಲಿ! ಲಗೇಜ್ ಆಟೊ ಹಿಂದೆ ಹೋಗು!" ಅಂತ ಕೈ ಬೀಸುತ್ತಾರೆ. ಅವರ ಮಾತು ಯಾರೂ ಕೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. "ನಾನಿಲ್ಲದಿದ್ರೆ ಏನಾಗ್ತಿತ್ತು ಹೇಳಿ," ಅನ್ನುತ್ತ ಅವರು ಗಾಡಿಯ ಬಳಿಗೆ ಬರುವಷ್ಟರಲ್ಲಿ ಮತ್ತೆ ಸೈರನ್.

ಯಜಮಾನರ ಅಳಿಯ ಓಹಾಯೊದಲ್ಲಿದ್ದಾನೆ. "ಅಮೆರಿಕದಲ್ಲಿ ಇದೆಲ್ಲ ನಡಿಯಲ್ಲ" ಎಂಬುದು ಅವರ ಖಾಯಂ ಡೈಲಾಗ್ ಆಗಿತ್ತು. ಒಂದು ದಿನ ವಿಡಿಯೊ ಕಾಲ್‌ನಲ್ಲಿ ಅಳಿಯನೇ ಕೆಡಿಸಿದ. ಅಲ್ಲಿನ ಗೂಡ್ಸು ಮೂರು ಕಿಲೋಮೀಟರ್ ಇದ್ದರೂ ಇತ್ತು, ಸಣ್ಣ ಊರುಗಳಲ್ಲಿ ಗೇಟಿನ ಮೇಲೆಯೇ ಗಂಟೆಗಟ್ಟಲೆ ನಿಂತುಬಿಡುತ್ತದೆ. ಇಂಡಿಯಾನಾದ ಹ್ಯಾಮಂಡ್‌ನಲ್ಲಿ ಶಾಲೆ ಮಕ್ಕಳು ನಿಂತ ರೈಲಿನ ಅಡಿ ತೂರಿ ಹೋಗುವುದು 2023ರಲ್ಲಿ ದೊಡ್ಡ ಸುದ್ದಿಯಾಯಿತು. ಐದು ನಿಮಿಷಕ್ಕಿಂತ ಹೆಚ್ಚು ರಸ್ತೆ ಅಡ್ಡಗಟ್ಟಬಾರದು ಅಂತ ಓಹಾಯೊದಲ್ಲಿ ಕಾನೂನಿತ್ತು. 2022ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ಅದು ನಡೆಯುವುದಿಲ್ಲ ಅಂದಿತು, 2024ರ ಜನವರಿಯಲ್ಲಿ ದೇಶದ ಸುಪ್ರೀಂ ಕೋರ್ಟು ಮೇಲ್ಮನವಿಯನ್ನೇ ಕೈಗೆತ್ತಿಕೊಳ್ಳಲಿಲ್ಲ. ಯಜಮಾನರು ಎರಡು ದಿನ ಮಂಕಾಗಿದ್ದರು. ಮೂರನೇ ದಿನ ಹೊಸ ಡೈಲಾಗ್ ಸಿದ್ಧವಾಗಿತ್ತು: "ಐದು ನಿಮಿಷಕ್ಕೆ ಕೋರ್ಟಿಗೆ ಹೋಗ್ತಾರಂತೆ! ನಮ್ಮ ಕಡೆ ಐದು ನಿಮಿಷದಲ್ಲಿ ಸೌತೆಕಾಯಿ ಹೆಚ್ಚಿ ಮುಗಿದಿರಲ್ಲ."

ಮೇಲ್ಸೇತುವೆಗಾಗಿ ಅವರು ಬರೆದ ಮನವಿಗಳಿಗೆ ಲೆಕ್ಕವಿಲ್ಲ. ದಿನಕ್ಕೆ ಓಡುವ ರೈಲುಗಳನ್ನು ರಸ್ತೆಯ ವಾಹನಗಳಿಂದ ಗುಣಿಸಿದರೆ ಬರುವ ಅಂಕಿ ಒಂದು ಲಕ್ಷ ಮುಟ್ಟಿದರೆ ರೈಲ್ವೆಯವರು ಸೇತುವೆ ಖರ್ಚಿನಲ್ಲಿ ಪಾಲು ಕೊಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಆ ಲೆಕ್ಕದಲ್ಲಿ ಎತ್ತಿನ ಗಾಡಿ ಇಡೀ ಒಂದು ಯೂನಿಟ್, ಆಟೊ ಬರೀ ಅರ್ಧ. ಇದು ಗೊತ್ತಾದ ಮೇಲೆ ಗಣತಿಯ ದಿನಗಳಲ್ಲಿ ಎತ್ತಿನ ಗಾಡಿ ಇರುವವರ ಮನೆಮನೆಗೆ ಹೋಗಿ "ಸುಮ್ನೆ ಎರಡು ಸಲ ಹಾಯ್ದು ಬಾರಪ್ಪಾ" ಅಂತ ಕೇಳಿಕೊಂಡವರು ಇವರೇ. ಆದರೆ ಅಧಿಕಾರಿಗಳು ಟೇಪು ಹಿಡಿದು ಜಾಗ ಅಳೆಯಲು ಬಂದ ದಿನ ಇವರ ಮುಖ ನೋಡಬೇಕಿತ್ತು. ಸಭೆಯಲ್ಲಿ ಎದ್ದು ನಿಂತು ಅಂದರು: "ಸೇತುವೆ ಬೇಕೇ ಬೇಕು. ಇಲ್ಲಿ ಮಾತ್ರ ಬೇಡ."

ಕಡೆಗೆ ಬಂದದ್ದು ಅಂಡರ್‌ಪಾಸ್. ಗೇಟು ಕಿತ್ತರು, ಹಳಿಯ ಎರಡೂ ಕಡೆ ಕಂಬ ನೆಟ್ಟು ರಸ್ತೆ ಮುಚ್ಚಿದರು, ಗೇಟ್‌ಮನ್ ಬೇರೆ ಕಡೆ ಹೋದ. ಯಜಮಾನರು ಬೇಸಿಗೆಯುದ್ದಕ್ಕೂ ಕಾಣಲಿಲ್ಲ. ಮನೆಯಲ್ಲಿ ಸೊಪ್ಪು ಹಸಿರಾಗಿಯೇ ತಲುಪುತ್ತಿದೆ ಅಂತ ಸುದ್ದಿ ಬಂತು.

ಮೊದಲ ದೊಡ್ಡ ಮಳೆ ಬಿದ್ದ ಬೆಳಿಗ್ಗೆ ಅಂಡರ್‌ಪಾಸಿನ ಬಾಯಲ್ಲಿ ಎಕ್ಸೆಲ್‌ಗೆ ಸ್ಟ್ಯಾಂಡು ಹಾಕಿತ್ತು. ಯಜಮಾನರು ಛತ್ರಿ ಮಡಚಿ ಅದರ ತುದಿಯಿಂದ ನೀರಿನ ಆಳ ನೋಡುತ್ತಿದ್ದರು. ಗೋಡೆಯ ಮೇಲೆ ಆಗಲೇ ಇಟ್ಟಿಗೆ ಚೂರಿನಿಂದ ಮೂರು ಗೆರೆ ಎಳೆದಾಗಿತ್ತು. ಹಿಂದೆ ನಿಂತವರೆಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು: "ಟ್ರ್ಯಾಕ್ಟರ್ ನಡೀಲಿ. ಬಸ್ಸು ನೋಡ್ಕೊಂಡು. ಆಟೊದವರು ಎಂಜಿನ್ ಆಫ್ ಮಾಡ್ಕೊಳ್ಳಿ."

"ನೀರು ಯಾವಾಗ ಇಳಿಯುತ್ತೆ ಯಜಮಾನ್ರೇ?"

"ಪಂಪಿನವನಿಗೆ ಫೋನ್ ಮಾಡಿದ್ದೀನಿ."

"ಬರ್ತಾನಂತಾ?"

"ಬಂದಿದಾನೆ. ಆ ಕಡೆ ನಿಂತಿದಾನೆ, ದಾಟಕ್ಕಾಗ್ತಿಲ್ವಂತೆ."