ಶ್ಯೇನಸಂಶಯ ಪ್ರಕರಣ: ಕೋಲ್ಕತ್ತದ ಆಕಾಶದ ಕಪ್ಪು ಚುಕ್ಕೆಯ ಪ್ರಮಾಣವಿಚಾರ

ಬೇಟೆಹಕ್ಕಿಗಳ ಶಾಸ್ತ್ರದಲ್ಲಿ ಕನ್ನಡಿಗರಿಗೇ ಅಗ್ರಪೂಜೆ ಸಲ್ಲಬೇಕೆಂಬುದನ್ನು ಮೊದಲೇ ಸ್ಥಾಪಿಸಿಬಿಡುತ್ತೇವೆ. ಮುಂದೆ ಜಾಗ ಸಿಗಲಿಕ್ಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೇ ತನ್ನ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದಕ್ಕೆಂದು, ಎಂದರೆ ಗಿಡುಗ ಬಿಟ್ಟು ಆಡುವ ಬೇಟೆಗೆಂದು, ಸ್ಥಳ ಮೀಸಲಿಟ್ಟ. ಕೋಲ್ಕತ್ತದವರ ಸರದಿ ಬಂದದ್ದು 1910ರಲ್ಲಿ, ಕುಮಾವೂನಿನ ರುದ್ರದೇವನ ‘ಶ್ಯೈನಿಕ ಶಾಸ್ತ್ರ’ವನ್ನು ಹರಪ್ರಸಾದ ಶಾಸ್ತ್ರಿಗಳು ಸಂಪಾದಿಸಿ ಏಷ್ಯಾಟಿಕ್ ಸೊಸೈಟಿಯಿಂದ ಹೊರತಂದಾಗ. ಎರಡೂ ಗ್ರಂಥಗಳು ಹಕ್ಕಿಯನ್ನು ಮುಂಗೈ ಮೇಲೆ ಕೂರಿಸಿಕೊಂಡವರಿಗೆ ಹೇಳಿದವು. ಮುಂಗೈ ಮೇಲೆ ಲೆನ್ಸ್ ಹೊತ್ತು ಕತ್ತು ನೋಯಿಸಿಕೊಂಡವರ ಪಾಡೇನು ಎಂಬ ಪ್ರಶ್ನೆಗೆ ಸೋಮೇಶ್ವರನಲ್ಲೂ ಉತ್ತರವಿಲ್ಲ. ಆ ಕೊರತೆ ನೀಗಲೆಂದು ಈ ಪ್ರಕರಣ.

ಮೊದಲು ಸಂಶಯದ ಲಕ್ಷಣ. ತಾರ್ಕಿಕರು ಕೊಡುವ ಉದಾಹರಣೆ ಹಳೆಯದು: ಮುಸ್ಸಂಜೆಯಲ್ಲಿ ಅಷ್ಟು ದೂರದಲ್ಲಿ ಕಾಣುವುದು ಮೋಟುಮರವೋ, ಮನುಷ್ಯನೋ? ಇಲ್ಲಿ ಮೋಟುಮರದ ಜಾಗಕ್ಕೆ ಮೊಬೈಲ್ ಟವರ್ ಬಂದಿದೆ. ರಾಜಾರ್‌ಹಾಟಿನ ಟವರ್ ಮೇಲಿರುವುದು ಆಂಟೆನಾವೋ, ಪೆರಿಗ್ರಿನ್ ಫಾಲ್ಕನ್ನೋ? ಧಾಪಾದ ಕಸದ ಗುಡ್ಡದ ಮೇಲೆ ಸುತ್ತುತ್ತಿರುವುದು ಹದ್ದೋ, ಪ್ಲಾಸ್ಟಿಕ್ ಚೀಲವೋ? (ಧಾಪಾದಲ್ಲಿ ಎರಡೂ ಸುತ್ತುತ್ತವೆ. ಫೋಟೊಗೆ ಚೀಲವೇ ಹೆಚ್ಚು ಸಹಕರಿಸುತ್ತದೆ.)

ಇದನ್ನು ಪರಿಹರಿಸಲು ಪ್ರತ್ಯಕ್ಷವೇ ಸಾಕು ಎಂಬುದು ಪೂರ್ವಪಕ್ಷ. ಹಾಗೆಂದ ಚಾರ್ವಾಕರ ಬಳಿ ಕ್ಯಾಮೆರಾ ಇರಲಿಲ್ಲ. ಕೋಲ್ಕತ್ತದ ಚಳಿಗಾಲದ ಆಕಾಶ ಬೆಳಗ್ಗೆ ಹತ್ತಾದರೂ ಅಕ್ಕಚ್ಚಿನ ಬಣ್ಣದಲ್ಲಿರುತ್ತದೆ. ಕ್ಯಾಮೆರಾ ಆ ಬಿಳುಪನ್ನು ಅಳೆದು, ಬೆಳಕು ಅತಿಯಾಯಿತೆಂದು ಗಾಬರಿಬಿದ್ದು, ಹಕ್ಕಿಯನ್ನು ಇದ್ದಿಲು ಮಾಡಿಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿದರೆ ರೆಕ್ಕೆಯಡಿಯ ಪಟ್ಟೆಗಳು ಕಾಣುವುದು ನಿಜ. ಏರಿಸಬೇಕೆಂಬುದು ನೆನಪಾಗುವ ಹೊತ್ತಿಗೆ ಹಕ್ಕಿ ಹೌರಾ ದಾಟಿರುತ್ತದೆ. ಆದ್ದರಿಂದ ನಮ್ಮ ಮೊದಲ ಸೂತ್ರ: ಚಿತ್ರ ಮಸುಕಾದಷ್ಟೂ ಹಕ್ಕಿ ಅಪರೂಪದ್ದು.

ವೃತ್ತಿ: ಚಿತ್ರ ಸ್ಪಷ್ಟವಿದ್ದರೆ ಬಾಲದ ತುದಿಯ ಕವಲು ಕಾಣುತ್ತದೆ. ಕವಲು ಕಂಡರೆ ಅದು ಮಾಮೂಲಿ ಹದ್ದು, ಬಂಗಾಳಿಗಳ ಚಿಲ್. ಮಾತು ಅಲ್ಲಿಗೆ ಮುಗಿಯಿತು, ಯಾರೂ ಚಹಾ ಕುಡಿಸುವುದಿಲ್ಲ. ಸ್ವಲ್ಪ ಕೈ ನಡುಗಿ ಕವಲು ಅಳಿಸಿದರೆ ಬಾಲ ದುಂಡಗಾಗಿ, ಅದೇ ಹದ್ದು ಗರುಡನ ಮರಿಯಾಗುತ್ತದೆ. ಬೆಳೆದ ಗರುಡನನ್ನು ಬಿಳಿ ತಲೆ, ಇಟ್ಟಿಗೆಗೆಂಪು ಮೈಯಿಂದ ಮಕ್ಕಳೂ ಗುರುತಿಸಿಯಾರು, ಆದರೆ ಮರಿ ಕಂದುಬಣ್ಣದ್ದು, ಹದ್ದೆಂದೇ ನಂಬಿಸುತ್ತದೆ. ಬಾಲ ಪೂರ್ತಿ ಮಾಯವಾದರೆ ಸ್ಟೆಪ್ ಈಗಲ್, ಮಧ್ಯ ಏಷ್ಯಾದಿಂದ ನೇರ. ಪ್ರಸಂಗವಶಾತ್ ಒಂದು ಮಾತು: ವಿಷ್ಣುವನ್ನು ಹೊರುವುದು ಗರುಡ, ಆದರೆ 1832ರಲ್ಲಿ ಸೈಕ್ಸ್ ಸಾಹೇಬ ‘ಗೋವಿಂದ’ ಎಂಬ ಹೆಸರು ಕೊಟ್ಟದ್ದು ಕಸ ಹೆಕ್ಕುವ ಹದ್ದಿಗೆ. ಸವಾರ ಒಂದು ಕಡೆ, ವಾಹನ ಇನ್ನೊಂದು ಕಡೆ. ಇಂಥವರನ್ನು ನಂಬಿ ನಾವು ಶಾಸ್ತ್ರ ಕಟ್ಟಬೇಕು.

ಅನುಮಾನಕ್ಕೆ ಬರೋಣ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ಕಾಗೆಗಳ ಅರಚಾಟ ಕೇಳಿ ಶ್ಯೇನವನ್ನು ಊಹಿಸಬೇಕು. ಎಲ್ಲೆಲ್ಲಿ ಕಾಗೆಗಳ ಗಲಾಟೆಯೋ ಅಲ್ಲಲ್ಲಿ ಶ್ಯೇನ, ರವೀಂದ್ರ ಸರೋವರದಲ್ಲಿನ ಹಾಗೆ. ನಿರ್ದುಷ್ಟವಾದ ಅನುಮಾನವೆಂದು ನಾವು ಬೀಗಿದೆವು. ಆದರೆ ಇದು ರಘುನಾಥ ಶಿರೋಮಣಿ ಪಾಠ ಹೇಳಿದ ನವದ್ವೀಪದ ಸೀಮೆ; ನವ್ಯನ್ಯಾಯ ಇಲ್ಲಿ ಗಂಗೆಯ ನೀರಿನಲ್ಲೇ ಹರಿದುಬರುತ್ತದೆ. ಸರೋವರದ ಬೆಂಚಿನಲ್ಲಿ ಕುಳಿತ ನಿವೃತ್ತರೊಬ್ಬರು ಮಣ್ಣಿನ ಲೋಟದ ಚಹಾ ಕೆಳಗಿಡದೆಯೇ ವ್ಯಭಿಚಾರ ದೋಷ ತೋರಿಸಿದರು: ಕಾಗೆಗಳು ಬೆಕ್ಕನ್ನು ಕಂಡರೂ ಅರಚುತ್ತವೆ, ಗೂಬೆಯನ್ನು ಕಂಡರೂ ಅರಚುತ್ತವೆ, ಮೋಹನ್ ಬಗಾನ್ ಸೋತ ದಿನ ಏನನ್ನೂ ಕಾಣದೆಯೂ ಅರಚುತ್ತವೆ.

“ಬೆಕ್ಕು ಹಾರುವುದಿಲ್ಲವಲ್ಲ, ದಾದಾ?”

“ನೀವು ನೋಡಿದ್ದು ಕಾಗೆಯನ್ನು. ಹಾರುವ ವಿಷಯವನ್ನು ಮಧ್ಯೆ ತಂದವರು ನೀವು.”

ಇದಕ್ಕಿಂತ ಘೋರವಾದ ಹೇತ್ವಾಭಾಸ ಇನ್ನೊಂದಿದೆ. ಶಿಕ್ರಾ ಗಿಡುಗದ ಬೂದು ಬೆನ್ನು, ಎದೆಯ ಅಡ್ಡಪಟ್ಟೆ, ಹಾರುವ ಧಾಟಿ, ಕೊಂಬೆಯ ಮೇಲೆ ಕೂತೊಡನೆ ಬಾಲ ಅಲ್ಲಾಡಿಸುವ ಠೀವಿ ಎಲ್ಲವನ್ನೂ ಕದ್ದ ಕೋಗಿಲೆಯ ಜಾತಿಯೊಂದುಂಟು. ಸಣ್ಣ ಹಕ್ಕಿಗಳು ಹೆದರಿ ಬೊಬ್ಬೆಯಿಡುತ್ತವೆ. ಅದು ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ನಡೆಯುತ್ತದೆ. ಕೊಕ್ಕು ನೋಡಿದರೆ ಸಾಕು, ಗಿಡುಗದ್ದು ಕೊಕ್ಕೆ, ಇದರದ್ದು ಅಲ್ಲ ಎನ್ನುತ್ತಾರೆ ಬಲ್ಲವರು. ಆದರೆ ಎರಡಕ್ಕೂ ಫೋಟೊಗ್ರಾಫರನಿಗೆ ಬೆನ್ನು ತೋರಿಸುವ ಚಟ. ಹೋಗಲಿ, ಅಸಲಿ ಶಿಕ್ರಾದ ದಾಖಲೆಗಳಾದರೂ ನೆಟ್ಟಗಿವೆಯೇ? 1788ರಲ್ಲಿ ಗ್ಮೆಲಿನ್ ಹೆಸರಿಟ್ಟ ಈ ಗಿಡುಗವನ್ನು, ಬಹುಕಾಲ ಸಾಕಿದ ಆಕ್ಸಿಪಿಟರ್ ಕುಲದಿಂದ ಮೊನ್ನೆ ಮೊನ್ನೆ ಬಿಡಿಸಿ ಟಾಕಿಸ್ಪೈಜಾ ಕುಲಕ್ಕೆ ದತ್ತು ಕೊಟ್ಟಿದ್ದಾರೆ. ಗೋತ್ರ ಬದಲಾದ ಸಂಗತಿಯನ್ನು ಹಕ್ಕಿಗೆ ತಿಳಿಸಿದಂತಿಲ್ಲ.

ಉಪಮಾನ: ಗವಯವೆಂಬ ಮೃಗ ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿಗೆ ಹೋಗಿ ಗವಯವನ್ನು ಗುರುತಿಸುತ್ತಾನೆ. ಕೈಪಿಡಿ ತೆರೆದರೆ, ಒಂದು ಜೇನುಗಿಡುಗ ಇನ್ನೊಂದು ಜೇನುಗಿಡುಗದಂತಿರುವುದಿಲ್ಲ ಎಂದಿದೆ. ಉಪಮಾನ ಇಲ್ಲಿಗೆ ಸಮಾಪ್ತ.

ಉಳಿದದ್ದು ಶಬ್ದ, ಎಂದರೆ ಆಪ್ತವಾಕ್ಯ. ಆಪ್ತ ಯಾರು? ಲೆನ್ಸ್ ಉದ್ದವಿದ್ದವನು. 600 ಎಂಎಂನವರು ಬಾಯಿ ತೆರೆದಾಗ 300 ಎಂಎಂನವರು ಸುಮ್ಮನಿರಬೇಕು. ಮೊಬೈಲಿನವರು ಬ್ಯಾಗ್ ಕಾಯಬೇಕು. ಈ ವರ್ಣಾಶ್ರಮ ಮುರಿದುಬಿದ್ದದ್ದು ಲೇಕ್ ಮಾರ್ಕೆಟ್ಟಿನಲ್ಲಿ. ಬಾಳೆಎಲೆ, ತೆಂಗಿನಕಾಯಿ, ಕಾಫಿಪುಡಿಗೆಂದು ದಕ್ಷಿಣದವರೆಲ್ಲ ಸೇರುವ ಆ ಸಂತೆಯ ಮೀನಿನ ಸಾಲಿನಲ್ಲಿ ಮಾರುವವರೊಬ್ಬರಿಗೆ ನಾವು ತೆಗೆದ ಹಕ್ಕಿಯ ಚಿತ್ರ ತೋರಿಸಿದೆವು. ಅವರು ಚಿತ್ರ ನೋಡಲಿಲ್ಲ.

“ಮೀನು ಒಯ್ಯಿತಾ, ದಾದಾ?”

“ಇಲ್ಲ.”

“ಹಾಗಾದರೆ ನನಗೇಕೆ ತೋರಿಸುತ್ತೀರಿ? ಒಯ್ದಿದ್ದರೆ ಚಿಲ್.”

ಕಾರ್ಯ ಮಾಡಬಲ್ಲದ್ದೇ ಸತ್ ಎಂದ ಧರ್ಮಕೀರ್ತಿಗೂ ಇಷ್ಟು ಅಡಕವಾಗಿ ಹೇಳಲಾಗಿರಲಿಲ್ಲ. ನಗರದ ಕೊಳಚೆನೀರಿನಲ್ಲೇ ಮೀನು ಬೆಳೆಸುವ ಭೇರಿಗಳು ಪೂರ್ವ ಕೋಲ್ಕತ್ತದ ಜೌಗುನೆಲದಲ್ಲಿವೆ. ಸುಮಾರು 12,500 ಹೆಕ್ಟೇರಿನ ಆ ನೆಲ 2002ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿನ ಮೀನಿನಲ್ಲಿ ಹದ್ದಿನ ಪಾಲೆಷ್ಟು ಎಂಬುದನ್ನು ರಾಮ್ಸಾರಿನವರಿಗಿಂತ ಈ ಸಾಲಿನವರು ಚೆನ್ನಾಗಿ ಬಲ್ಲರು.

ಅನುಪಲಬ್ಧಿಯನ್ನು ನೈಯಾಯಿಕರು ಬೇರೆ ಪ್ರಮಾಣವೆಂದು ಒಪ್ಪುವುದಿಲ್ಲ. ನಮ್ಮ ಶೃಂಗೇರಿ ಕಡೆಯ ಅದ್ವೈತಿಗಳು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿರುವುದರಿಂದಲೇ ಗಡಿಗೆ ಇಲ್ಲವೆಂದು ತಿಳಿಯುತ್ತದೆ. ಧಾಪಾದಲ್ಲಿ ಹದ್ದುಗಳಿವೆ, ಬೆಳ್ಳಕ್ಕಿಗಳಿವೆ, ನಾಯಿಗಳಿವೆ. ಬಿಳಿಬೆನ್ನಿನ ರಣಹದ್ದು ಕಾಣುವುದಿಲ್ಲ. ಅದರ ಶಾಸ್ತ್ರೀಯ ಹೆಸರು ಜಿಪ್ಸ್ ಬೆಂಗಾಲೆನ್ಸಿಸ್, ಹೆಸರಿನಲ್ಲಿ ಬಂಗಾಳವಿದೆ. ದನಕ್ಕೆ ನೋವು ಇಳಿಸಲು ಕೊಟ್ಟ ಡೈಕ್ಲೊಫಿನಾಕ್, ಸತ್ತ ದನದ ಮೂಲಕ ಹಕ್ಕಿಯ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. 1992ರಿಂದ 2007ರೊಳಗೆ ದೇಶದಲ್ಲಿ ಇವುಗಳ ಸಂಖ್ಯೆ ಶೇಕಡಾ 99.9ರಷ್ಟು ಕುಸಿಯಿತು, ಪಶುಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿದ್ದು 2006ರಲ್ಲಿ. ಬೆಂಚಿನ ನಿವೃತ್ತರು ಈ ಒಂದು ಹೇತುವಿನಲ್ಲಿ ಮಾತ್ರ ದೋಷ ತೆಗೆಯಲಿಲ್ಲ. ಅವರು ಹುಡುಗರಾಗಿದ್ದಾಗ ರಣಹದ್ದನ್ನು ಗುರುತಿಸಲು ಯಾರಿಗೂ ಲೆನ್ಸ್ ಬೇಕಿರಲಿಲ್ಲವಂತೆ.

ಫಲಶ್ರುತಿ: ಇದನ್ನು ಸೂರ್ಯೋದಯಕ್ಕೆ ಮುನ್ನ ಪಠಿಸುವವರಿಗೆ ಹದ್ದು ಮತ್ತು ಗರುಡನ ಮರಿಯ ಭೇದ ಸಿದ್ಧಿಸುವುದು. ಜೇನುಗಿಡುಗದ ಬಗ್ಗೆ ಭರವಸೆ ಕೊಡಲಾಗದು. ಮೆಮೊರಿ ಕಾರ್ಡ್ ತುಂಬಿದವರಿಗೆ ಅಳಿಸುವ ಧೈರ್ಯ ಬರುವುದು. 600 ಎಂಎಂ ಲೆನ್ಸ್ ಬಯಸುವವರಿಗೆ ಮನೆಯವರ ಸಮ್ಮತಿ ದೊರೆಯುವುದು ಎಂಬ ಸಾಲೊಂದು ಮೂಲ ಹಸ್ತಪ್ರತಿಯಲ್ಲಿತ್ತು. ಮನೆಯವರು ಓದಿದ ಮೇಲೆ ಅದನ್ನು ಪ್ರಕ್ಷಿಪ್ತವೆಂದು ತೀರ್ಮಾನಿಸಿ ತೆಗೆದುಹಾಕಲಾಗಿದೆ.