ಕೀ ಮುಟ್ಟಲಿಲ್ಲವಲ್ಲ, ಸದ್ಯ!

ಅಳಿಯಂದಿರು ಕೀ ತಿರುಗಿಸಲಿಲ್ಲವಲ್ಲ ಅಕ್ಕಾ, ಅದೇ ದೊಡ್ಡ ಪುಣ್ಯ. ಡೀಸೆಲ್ ಗಾಡಿಗೆ ಪೆಟ್ರೋಲ್ ಬಿತ್ತು ಅಂತ ಅವರನ್ನ್ಯಾಕೆ ಬೈತೀರಿ? ಬಂಕಿನ ಮೀಟರಿನಲ್ಲಿ ಲೀಟರಿನ ರೇಟು ನೂರರ ಮೇಲಿರೋದು ಕಣ್ಣಿಗೆ ಬಿದ್ದ ಕೂಡಲೇ ‘ನಿಲ್ಲಿಸಪ್ಪಾ’ ಅಂದು, ಗಾಡೀನ ಕೈಯಲ್ಲೇ ತಳ್ಳಿ ಪಕ್ಕಕ್ಕೆ ಹಾಕಿಸಿ, ಕ್ಯಾರಿಯರ್ ಮೇಲೆ ಹೊರಿಸಿ ಮನೆಗೆ ತಂದರು. ಆ ಗಡಿಬಿಡೀಲಿ ಎಷ್ಟು ಜನಕ್ಕೆ ಇಷ್ಟು ತೋಚುತ್ತೆ ಹೇಳಿ.

ನಿಮ್ಮ ಮೈದುನ ಹೇಳ್ತಿದ್ದರು, ‘ಮೇಲೊಂದಿಷ್ಟು ಡೀಸೆಲ್ ತುಂಬಿಸಿ ಓಡಿಸಿದ್ರೆ ಆಗ್ತಿತ್ತು’ ಅಂತ. ಅವರು ಲಾರಿ ಓಡಿಸಿದ ಕಾಲಕ್ಕೆ ಆ ಮಾತು ನಡೀತಿತ್ತು. ಚಳಿ ದೇಶಗಳಲ್ಲಿ ಡೀಸೆಲ್ ಹೆಪ್ಪುಗಟ್ಟದಿರಲಿ ಅಂತ ಕೆಲವು ಕಾರು ಕಂಪನಿಗಳೇ ಸ್ವಲ್ಪ ಪೆಟ್ರೋಲ್ ಬೆರೆಸೋಕೆ ಒಪ್ಪಿದ್ದೂ ಉಂಟು. ಈಗಿನ ಕಾಮನ್ ರೈಲ್ ಇಂಜಿನ್ನಿಗೆ ಮಾತ್ರ ಅದು ಆಗಿಬರಲ್ಲ. ಟೈರಿನಲ್ಲಿ ನಾವು ತುಂಬಿಸೋ ಗಾಳಿ ಎರಡು ಬಾರ್ ಚಿಲ್ಲರೆ. ಅಲ್ಲಿ ಪಂಪು ಡೀಸೆಲ್ಲನ್ನ ಒತ್ತೋದು 1,600 ಬಾರ್, ಕೆಲವದರಲ್ಲಿ 2,000. ಅಷ್ಟು ಒತ್ತಡದಲ್ಲಿ ಓಡೋ ಪಂಪಿಗೆ ಜಿಡ್ಡು ಆ ಡೀಸೆಲ್ಲೇ, ಬೇರೆ ಆಯಿಲ್ ಇರಲ್ಲ. ಪೆಟ್ರೋಲ್ ಹೋಯಿತೋ, ಎಣ್ಣೆತಲೆಗೆ ಸೀಗೆಪುಡಿ ಹಾಕಿದ ಹಾಗೆ ಜಿಡ್ಡೆಲ್ಲ ತೊಳೆದು ಹಾಕುತ್ತೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸಣ್ಣ ಚೂರು ಏಳುತ್ತೆ, ಆ ಚೂರು ಹೋಗಿ ಇಂಜೆಕ್ಟರಿನಲ್ಲಿ ಕೂರುತ್ತೆ. ಆಮೇಲೆ ಪಂಪು, ಇಂಜೆಕ್ಟರು, ಪೈಪು, ಎಲ್ಲ ಬದಲಾಯಿಸಬೇಕು. ಬಿಲ್ಲು ನೋಡಿದ್ರೆ ಎದೆ ಝಲ್ ಅನ್ನುತ್ತೆ. ಇಂಜಿನ್ ಸ್ಟಾರ್ಟ್ ಮಾಡೋದು ಹಾಗಿರಲಿ, ಎಷ್ಟೋ ಗಾಡೀಲಿ ಕೀ ಆನ್ ಮಾಡಿದ್ರೇ ಟ್ಯಾಂಕಿನೊಳಗಿನ ಪಂಪು ಓಡೋಕೆ ಶುರು. ಅದಕ್ಕೇ ಹೇಳಿದ್ದು, ಕೀ ಮುಟ್ಟದೇ ಇದ್ದದ್ದು ಪುಣ್ಯ ಅಂತ.

ಬಂಕಿನ ಹುಡುಗನ ಮೇಲೂ ನನಗೆ ಕೋಪ ಬರಲ್ಲ. ಒಂದೇ ಹೆಸರಿನ ಕಾರು ಪೆಟ್ರೋಲಿಗೂ ಬರುತ್ತೆ, ಡೀಸೆಲ್ಲಿಗೂ ಬರುತ್ತೆ. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದಾಗ ಮಾರುತಿಯವರು ಡೀಸೆಲ್ ಕಾರು ಮಾಡೋದನ್ನೇ ಬಿಟ್ಟರು. ಸಣ್ಣ ಕಾರು ಬಂತಂದ್ರೆ ಆ ಹುಡುಗನ ಕೈ ತಾನಾಗಿ ಪೆಟ್ರೋಲ್ ಪೈಪಿಗೇ ಹೋಗುತ್ತೆ. ನಂಬರ್ ಪ್ಲೇಟ್ ಜೊತೆ ಕೊಡೋ ಸ್ಟಿಕರ್ ಇದೆಯಲ್ಲ, ಡೀಸೆಲ್ಲಿಗೆ ಕಿತ್ತಳೆ, ಪೆಟ್ರೋಲಿಗೆ ತಿಳಿನೀಲಿ, ಅದನ್ನ ಅಂಟಿಸೋದು ಮುಂದಿನ ಗಾಜಿಗೆ. ಪೈಪು ಹಿಡಿದವನು ನಿಲ್ಲೋದು ಹಿಂದೆ. ಟ್ಯಾಂಕಿನ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘ಡೀಸೆಲ್’ ಅಂತ ಬರೆಸಿಬಿಡಿ. ಅಳಿಯಂದಿರು ‘ಸಾವಿರಕ್ಕೆ ಹಾಕು’ ಅನ್ನೋ ಬದಲು ‘ಸಾವಿರಕ್ಕೆ ಡೀಸೆಲ್ ಹಾಕಪ್ಪಾ’ ಅನ್ನಲಿ, ಗಾಡಿಯಿಂದ ಇಳಿದು ನಿಂತು.

ನಾಳೆ ಮೆಕ್ಯಾನಿಕ್ ಬರ್ತಾನಲ್ಲ, ಟ್ಯಾಂಕು ಪೂರ್ತಿ ಖಾಲಿ ಮಾಡಿಸಿ. ಯಾರೂ ಪೈಪಿಗೆ ಬಾಯಿ ಹಚ್ಚಿ ಎಳೆಯೋದು ಬೇಡ ಅಕ್ಕಾ, ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದ್ರೂ ಆಸ್ಪತ್ರೆಗೆ ಓಡಬೇಕಾಗುತ್ತೆ. ಕೈಪಂಪ್ ತರೋಕೆ ಹೇಳಿ. ಬರೀ ಡೀಸೆಲ್ ಆಗಿದ್ರೆ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳಲ್ಲ, ಪೆಟ್ರೋಲ್ ಬೆರೆತ ಮೇಲೆ ಆವಿಗೇ ಬೆಂಕಿ ತಗಲುತ್ತೆ. ಅವನ ಕೆಲಸ ಮುಗಿಯೋವರೆಗೆ ನಿಮ್ಮ ಹಂಡೆ ಒಲೆ ಹಚ್ಚಬೇಡಿ. ಸ್ನಾನದ ನೀರು ನಮ್ಮ ಗೀಸರಿನಲ್ಲಿ ಹಿಡಕೊಂಡು ಹೋಗಿ. ತೆಗೆದದ್ದನ್ನ ಚರಂಡಿಗೆ ಸುರಿಯೋಕೂ ಬಿಡಬೇಡಿ, ಕ್ಯಾನಿನಲ್ಲಿ ತುಂಬಿಸಿ ಅವನ ಕೈಗೇ ಕೊಟ್ಟು ಕಳಿಸಿ.