ಫಲಿತಾಂಶದ ದಿನಕ್ಕೊಂದು ಜಿಲ್ಲೆ

ಮಧುಗಿರಿಯನ್ನು ಜಿಲ್ಲೆ ಮಾಡಿ ಎಂದು ಕೂಗಿ ಕೂಗಿ ಎಷ್ಟು ಜನರ ಗಂಟಲು ಕಟ್ಟಿತೋ! ಪಾಪ, ಅದು ಆಗಲೇ ಜಿಲ್ಲೆಯಾಗಿದೆ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ. ವರ್ಷಕ್ಕೊಮ್ಮೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಟಿವಿಯವರು ಪಟ್ಟಿ ಓದುವಷ್ಟು ಹೊತ್ತು. ಕಂದಾಯ ಇಲಾಖೆಯ ಪಾಲಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತುಮಕೂರಿನ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಪಾಲಿಗೆ ಅವು ಕೂಡಿ ಒಂದು ಶೈಕ್ಷಣಿಕ ಜಿಲ್ಲೆ, ಅದಕ್ಕೊಬ್ಬರು ಪ್ರತ್ಯೇಕ ಡಿಡಿಪಿಐ. ಚಿಕ್ಕೋಡಿ, ಶಿರಸಿಗಳಿಗೂ ಇದೇ ಭಾಗ್ಯ. ಸಂಪೂರ್ಣ ಜಿಲ್ಲೆಯಾಗಲು ರಾಜಕೀಯ ಇಚ್ಛಾಶಕ್ತಿ ಬೇಕಂತೆ. ಶೈಕ್ಷಣಿಕ ಜಿಲ್ಲೆಗೆ ಒಂದು ರ‍್ಯಾಂಕ್ ಇದ್ದರೆ ಸಾಕು.

ಆ ರ‍್ಯಾಂಕಿನ ಚಿಂತೆ ಹತ್ತುವುದು ಸಂಕ್ರಾಂತಿಯ ಹೊತ್ತಿಗೆ. ಒಂಬತ್ತು ವರ್ಷ ಹಿಂದಿನ ಬೆಂಚಿನಲ್ಲಿ ಅನಾಮಧೇಯನಾಗಿ ಕೂತಿದ್ದ ಹುಡುಗನಿಗೆ ಏಕಾಏಕಿ ಬಿರುದು ಬರುತ್ತದೆ: ‘ನಿಧಾನಗತಿ ಕಲಿಕೆಯವನು’. ಅವನನ್ನು ದತ್ತು ತೆಗೆದುಕೊಳ್ಳಲು ಮೇಷ್ಟ್ರುಗಳಿಗೆ ಆದೇಶ. ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ, ‘ಎದ್ದಿದೀಯೇನಪ್ಪಾ, ಓದ್ಕೊತಿದೀಯಾ?’ ಎಂದು ಕೇಳುವುದು. ಅವನು ಹಾಸಿಗೆಯಿಂದಲೇ ‘ಹೂಂ ಸಾ’ ಅನ್ನುವುದು. ಕರೆ ಮಾಡಿದ್ದಕ್ಕೆ ವಹಿಯಲ್ಲಿ ದಾಖಲೆ. ಕೈಗೊಂದು ಪಾಸಿಂಗ್ ಪ್ಯಾಕೇಜ್: ಇಷ್ಟು ಚಿತ್ರ, ಒಂದು ಭೂಪಟ, ಬಾಯಿಪಾಠಕ್ಕೊಂದು ಪದ್ಯ. ಹತ್ತು ವರ್ಷದಲ್ಲಿ ಆಗದ್ದು ನೂರು ದಿನದಲ್ಲಿ ಆಗುತ್ತದೆಂದರೆ ಉಳಿದ ಒಂಬತ್ತು ವರ್ಷ ಶಾಲೆ ಯಾಕೆ ತೆಗೆದಿದ್ದೆವು ಎಂದು ಯಾರೂ ಕೇಳಲಿಲ್ಲ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಕ್ಯಾಮೆರಾ ಕಂಡದ್ದೇ ಕುಸಿದು ಕೂತಿತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿ, ಮೇಲಿನಿಂದಲೂ ಕೆಳಗಿನಿಂದಲೂ ಎತ್ತಿದ ಮೇಲೆ ಮುಟ್ಟಿದ್ದು 73.40. ಮರುವರ್ಷ ಕೃಪಾಂಕ ನಿಂತಿತು, ಫಲಿತಾಂಶ ಇನ್ನಷ್ಟು ಇಳಿಯಿತು. ಈಗ ಪಾಸಾಗಲು 33 ಸಾಕು ಎಂಬ ತೀರ್ಮಾನವಾಗಿದೆ. ಹುಡುಗ ಇದ್ದಲ್ಲೇ ಇದ್ದಾನೆ. ನಾವೇ ಅವನ ಹತ್ತಿರಕ್ಕೆ ಹೋಗುತ್ತಿದ್ದೇವೆ. ಇಲಾಖೆ ಹೇಳುವ ‘ಸಮುದಾಯದತ್ತ ಶಾಲೆ’ ಎಂದರೆ ಇದೇ ಇರಬೇಕು.

ಅವನು ಹಿಂದೆ ಬಿದ್ದದ್ದು ಎಲ್ಲಿ ಎಂದು ನೋಡಬೇಕಾದರೆ ಹತ್ತನೇ ಕ್ಲಾಸಿಗಲ್ಲ, ಪಾವಗಡದ ಕಡೆಯ ಯಾವುದಾದರೊಂದು ಅಂಗನವಾಡಿಗೆ ಹೋಗಬೇಕು. ಆಂಧ್ರ ಮೂರು ಕಡೆಯಿಂದ ಒತ್ತಿಕೊಂಡಿರುವ ತಾಲ್ಲೂಕು. ಎಷ್ಟೋ ಮನೆಗಳಲ್ಲಿ ತೆಲುಗಿನಲ್ಲೇ ಅಳು, ತೆಲುಗಿನಲ್ಲೇ ನಗು. ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂದಾಗ ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಬಂತು. ಜಮೀನಿಲ್ಲದ ಕೂಲಿಯವರಿಗೆ ಬೆಂಗಳೂರಿನ ಬಸ್ಸು ಬಂತು. ಗಾರೆ ಕೆಲಸಕ್ಕೆ ಹೋದ ಅಪ್ಪ ಅಮ್ಮ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟಿರುತ್ತಾರೆ. ಅಜ್ಜಿ ಅದನ್ನು ಅಂಗನವಾಡಿಗೆ ಬಿಡುತ್ತಾಳೆ.

ಅಲ್ಲಿ ಟೀಚರು ಕಿಟಕಿಯ ಹೊರಗೆ ಕೈ ಚಾಚಿ ಸಿಗ್ನಲ್ ಹುಡುಕುತ್ತಿರುತ್ತಾರೆ. ಪೋಷಣ್ ಟ್ರ್ಯಾಕರ್‌ಗೆ ಮನೆಗೆ ಒಯ್ಯುವ ರೇಷನ್ನಿನ ಫಲಾನುಭವಿಯ ಮುಖ ತೋರಿಸಬೇಕು. ಬಾಣಂತಿ ಮೊಬೈಲಿನ ಮುಂದೆ ಕಣ್ಣು ಮಿಟುಕಿಸುತ್ತಾಳೆ, ಆ್ಯಪು ಸುತ್ತುತ್ತದೆ.

‘ಟೀಚರಮ್ಮ, ನಮ್ಮ ಹುಡುಗುಂಗೆ ಏನಾನ ಹೇಳ್ಕೊಡಮ್ಮ.’

‘ಇರಜ್ಜಿ, ಮೊದ್ಲು ಈ ಮುಖ ಹೋಗ್ಲಿ.’

ಮುಖ ಹೋದ ಮೇಲೆ ಮತದಾರರ ಪಟ್ಟಿ, ಆಮೇಲೆ ಲಸಿಕೆ, ಆಮೇಲೆ ಇನ್ನೊಂದು ಸರ್ವೆ. ಮೂರರಿಂದ ಆರು ವರ್ಷದೊಳಗೆ ಕತೆ ಕೇಳಿ, ಬಣ್ಣ ಗುರುತಿಸಿ, ಕನ್ನಡಕ್ಕೆ ಕಿವಿ ತೆರೆಯಬೇಕಾದ ಮಗು ಚಿತ್ರಾನ್ನ ತಿಂದು ಮಲಗುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಆ ಪಟ್ಟಿಯಲ್ಲಿತ್ತು. ಶಾಲಾಪೂರ್ವ ಶಿಕ್ಷಣವೆಂಬುದು ಆಗಿನ ಉದ್ದೇಶಗಳಲ್ಲೇ ಇತ್ತು. ಐವತ್ತು ವರ್ಷವಾಯಿತು, ಉದ್ದೇಶ ಇನ್ನೂ ಗಟ್ಟಿಮುಟ್ಟಾಗಿದೆ.

ಸಮುದಾಯ ಸುಮ್ಮನೆ ಕೂತಿದೆ ಎಂದು ಮಾತ್ರ ಹೇಳಬೇಡಿ. ನಮ್ಮ ದಾನಿಗಳು ನೋಟ್‌ಬುಕ್ ಹಂಚುತ್ತಾರೆ, ರಟ್ಟಿನ ಮೇಲೆ ತಮ್ಮ ಫೋಟೋ ಹಾಕಿಸಿ. ಶಾಮಿಯಾನ ವೇದಿಕೆಗೆ, ಬಿಸಿಲು ಮಕ್ಕಳಿಗೆ. ಸ್ವಾಗತ ಭಾಷಣ, ಶಾಲು, ಹಾರ, ಪೇಟ, ಪ್ರಾಸ್ತಾವಿಕ ನುಡಿ ಮುಗಿದು ಪುಸ್ತಕ ಕೈಗೆ ಬರುವಷ್ಟರಲ್ಲಿ ನಾಲ್ಕು ಪೀರಿಯಡ್ ಹೋಗಿರುತ್ತದೆ. ವೇದಿಕೆಗೆ ಕರೆದ ಹುಡುಗಿಯ ಕೈಲಿರುವ ಪುಸ್ತಕವನ್ನು ಐದು ಜನ ಗಣ್ಯರು ಒಟ್ಟಿಗೆ ಹಿಡಿದು ಕ್ಯಾಮೆರಾ ನೋಡುತ್ತಾರೆ. ಆಕೆಯ ಮುಖ ಒಬ್ಬರ ಮೊಣಕೈ ಹಿಂದೆ ಎಲ್ಲೋ ಇದೆ. ಕುಡಿಯುವ ನೀರಿನ ತೊಟ್ಟಿಗೆ ದಾನಿಯ ಹೆಸರು ಅಮೃತಶಿಲೆಯಲ್ಲಿ. ನೀರು ಬರುವುದು ಪಂಚಾಯಿತಿಯ ಮರ್ಜಿ. ಇದೇ ನಾಲ್ಕು ತಾಲ್ಲೂಕಿನಲ್ಲಿ ಸದ್ದಿಲ್ಲದೆ ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಕೊಡುವ ಪದವಿ ಓದಿದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಶಾಲೂ ಇಲ್ಲ, ಸಂಬಳವೂ ಇಲ್ಲ.

ಸರ್ಕಾರವೂ ಕಮ್ಮಿಯಿಲ್ಲ. ಶೈಕ್ಷಣಿಕವಾಗಿ ಯಾರು ಹಿಂದುಳಿದಿದ್ದಾರೆ ಎಂದು ತಿಳಿಯಲು 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಮೇಷ್ಟ್ರುಗಳು ಮನೆಮನೆ ಸುತ್ತಬೇಕಲ್ಲ, ಅದಕ್ಕೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಹಿಂದುಳಿದವರನ್ನು ಎಣಿಸಲು ಹಿಂದುಳಿದವರ ಶಾಲೆಗೇ ಬೀಗ! ಕಾನ್ವೆಂಟ್ ಮಕ್ಕಳ ಪಾಠ ಅಷ್ಟು ದಿನ ಮುಂದೆ ಹೋಯಿತು. ಎಣಿಕೆ ಇನ್ನಷ್ಟು ಸ್ಪಷ್ಟವಾಗಿರಬೇಕು.

ದತ್ತು ತೆಗೆದುಕೊಳ್ಳುವುದೇ ಆದರೆ ಹದಿನಾರರ ಹುಡುಗನ ಬದಲು ಮೂರರ ಮಗುವನ್ನು ತೆಗೆದುಕೊಳ್ಳಬಾರದೇ ಎಂದು ಪರಿಚಯದ ಅಧಿಕಾರಿಯೊಬ್ಬರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಒಳ್ಳೇ ಐಡಿಯಾ ಸಾರ್. ಆದ್ರೆ ಆ ಮಗು ಎಸ್ಸೆಸ್ಸೆಲ್ಸಿಗೆ ಬರೋದಕ್ಕೆ ಹದಿಮೂರು ವರ್ಷ. ರಿಸಲ್ಟ್ ಕಮ್ಮಿ ಬಂದ್ರೆ ಅಷ್ಟೊತ್ತಿಗೆ ನೋಟಿಸ್ ಯಾರಿಗೆ ಕೊಡೋದು?’